ಕ್ರೂಸ್ ಸೆಟ್ ಆಗದಿದ್ದರೆ ಮೊದಲು ಪೆಡಲ್ ನೋಡಿ

ಶಿವಮೊಗ್ಗದ ಗ್ಯಾರೇಜೊಂದರಲ್ಲಿ ನಾನು ಕಾರುಗಳ ಎಲೆಕ್ಟ್ರಿಕಲ್ ಕೆಲಸ ಮಾಡುತ್ತೇನೆ. "ಕ್ರೂಸ್ ಸೆಟ್ ಆಗ್ತಿಲ್ಲ" ಅಂತ ಬರುವವರು ಈಗೀಗ ಜಾಸ್ತಿ. ಕ್ರೂಸ್ ಅಂದರೆ ಆಕ್ಸಿಲರೇಟರ್ ತುಳಿಯದೆಯೇ ಗಾಡಿ ಒಂದೇ ವೇಗದಲ್ಲಿ ಹೋಗುವಂತೆ ಮಾಡುವ ವ್ಯವಸ್ಥೆ, ಅದರ ಬಟನ್ ಸ್ಟೀರಿಂಗ್ ಮೇಲಿರುತ್ತದೆ. ಹೊಸ ಹುಡುಗರು ನೇರ ಸ್ಟೀರಿಂಗ್ ಬಿಚ್ಚಲು ಹೋಗುತ್ತಾರೆ. ಬಟನ್ ಒತ್ತಿದರೂ ಆಗುತ್ತಿಲ್ಲ ಅಂದಮೇಲೆ ಬಟನ್ನೇ ಕೆಟ್ಟಿರಬೇಕು ಅನ್ನೋದು ಅವರ ಲೆಕ್ಕ.

ಸೆಟ್ ಒತ್ತಿದಾಗ ಆಗೋದು ಇಷ್ಟೇ. ಆಗಿನ ವೇಗವನ್ನು ಇಸಿಯು, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್, ನೆನಪಿಟ್ಟುಕೊಳ್ಳುತ್ತದೆ. ಗಾಡಿ ಈಗ ಎಷ್ಟರಲ್ಲಿ ಹೋಗುತ್ತಿದೆ ಅಂತ ಸೆನ್ಸರ್ ಹೇಳುತ್ತಲೇ ಇರುತ್ತದೆ. ಏರಿನಲ್ಲಿ ವೇಗ ಬಿದ್ದರೆ ಇಂಜಿನ್ನಿಗೆ ಗಾಳಿ ಬಿಡುವ ಥ್ರಾಟಲನ್ನು ಮೋಟಾರು ಸ್ವಲ್ಪ ತೆರೆಯುತ್ತದೆ, ಡೀಸೆಲ್ ಗಾಡಿಯಾದರೆ ಇಂಜೆಕ್ಟರ್ ಜಾಸ್ತಿ ಡೀಸೆಲ್ ಬಿಡುತ್ತದೆ. ಎಷ್ಟು ಕಡಿಮೆಯಾಗಿದೆ ಅಂತ ನೋಡಿದರೆ ಸಾಲದು. ಎಷ್ಟು ಹೊತ್ತಿನಿಂದ ಹಾಗಿದೆ, ಎಷ್ಟು ಬೇಗ ಬದಲಾಗುತ್ತಿದೆ ಅನ್ನೋದನ್ನೂ ಇಸಿಯು ಲೆಕ್ಕ ಹಾಕುತ್ತದೆ. ಇಲ್ಲದಿದ್ದರೆ ಗಾಡಿ ಒಮ್ಮೆ ಎಳೆದು ಒಮ್ಮೆ ಬಿಟ್ಟು ಒದ್ದಾಡುತ್ತದೆ. ಅಂದಹಾಗೆ, ಕ್ರೂಸನ್ನು ಕಂಡುಹಿಡಿದು 1950ರಲ್ಲಿ ಪೇಟೆಂಟ್ ಪಡೆದ ಅಮೆರಿಕದ ರಾಲ್ಫ್ ಟೀಟರ್‌ಗೆ ಚಿಕ್ಕಂದಿನಿಂದಲೇ ಕಣ್ಣು ಕಾಣುತ್ತಿರಲಿಲ್ಲ. 1958ರಲ್ಲಿ ಕ್ರೈಸ್ಲರ್ ಕಾರುಗಳಲ್ಲಿ ಅದು ಬಂತು.

ನಾನು ನೋಡಿದಂತೆ ವೇಗ ಹಿಡಿಯುವ ಭಾಗ ಕೆಡೋದು ಕಡಿಮೆ. ಇಸಿಯು "ಬೇಡ" ಅನ್ನಲು ಬೇರೇನೋ ಕಾರಣ ಇರುತ್ತದೆ. ಬ್ರೇಕ್ ತುಳಿದಿದ್ದಾರೆ ಅಂತ ಅನಿಸಿದರೆ ಬೇಡ. ಕ್ಲಚ್ ತುಳಿದಿದ್ದರೂ ಬೇಡ. ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ನೋಡುವ ವ್ಯವಸ್ಥೆ) ಲೈಟ್ ಉರಿಯುತ್ತಿದ್ದರೆ ಎಷ್ಟೋ ಗಾಡಿಗಳಲ್ಲಿ ಬೇಡ. ವೇಗ ತೀರಾ ಕಡಿಮೆ ಇದ್ದರೂ ಸೆಟ್ ಆಗಲ್ಲ.

ಈಚೆಗೆ ತೀರ್ಥಹಳ್ಳಿ ಕಡೆಯ ಅಡಿಕೆ ತೋಟದವರೊಬ್ಬರು ಬಂದರು. ಬೇರೆ ಕಡೆ ಸ್ಟೀರಿಂಗ್ ಬಟನ್ ಬದಲಾಯಿಸಿ ದುಡ್ಡೂ ಕೊಟ್ಟಾಗಿತ್ತು. ನಾನು ಸ್ಕ್ಯಾನರ್ ಹಾಕಿ ಲೈವ್ ಡೇಟಾ, ಅಂದರೆ ಇಸಿಯುಗೆ ಆ ಕ್ಷಣ ಏನು ಕಾಣುತ್ತಿದೆ ಅನ್ನೋದನ್ನು, ತೆರೆದೆ. ಬ್ರೇಕ್ ಸ್ವಿಚ್‌ಗೆ ಅಲ್ಲಿ ಎರಡು ಸಾಲು ಇತ್ತು. ಪೆಡಲ್ ಮುಟ್ಟಿಯೇ ಇಲ್ಲ, ಒಂದು ಸಾಲು ಬಿಟ್ಟಿದೆ ಅನ್ನುತ್ತಿದೆ, ಇನ್ನೊಂದು ತುಳಿದಿದೆ ಅನ್ನುತ್ತಿದೆ. ಆ ಸ್ವಿಚ್ ಒಳಗೆ ಎರಡು ಕಾಂಟ್ಯಾಕ್ಟ್ ಇರುತ್ತವೆ. ಒಂದು ಹಿಂದಿನ ಲೈಟಿಗೆ, ಇನ್ನೊಂದು ಇಸಿಯುಗೆ. ಲೈಟು ಸರಿಯಾಗೇ ಉರಿಯುತ್ತಿತ್ತು, ಹಾಗಾಗಿ ಯಾರಿಗೂ ಅನುಮಾನ ಬಂದಿರಲಿಲ್ಲ. ಎರಡೂ ಹೊಂದದಿದ್ದರೆ ಇಸಿಯು ಯಾವುದನ್ನೂ ನಂಬಲ್ಲ, ಕ್ರೂಸ್ ಕೊಡಲ್ಲ. ಪೆಡಲ್ ಮೇಲ್ಗಡೆ ಇರುವ ಸ್ವಿಚ್ ತೆಗೆದು ಹೊಸದು ಹಾಕಿದೆ. ಆಮೇಲೆ ಪೆಡಲನ್ನು ಕೈಯಲ್ಲಿ ನಿಧಾನಕ್ಕೆ ಒತ್ತುತ್ತಾ ಎರಡೂ ಸಾಲು ಬದಲಾಗುತ್ತವಾ ಅಂತ ನೋಡಿದೆ. ಈ ಕೊನೆಯ ಕೆಲಸ ಬಿಡಬೇಡಿ. ಸ್ವಿಚ್ ಸರಿಯಾಗಿ ಕೂರದಿದ್ದರೆ ಹೊಸದೂ ಹಳೆಯದರ ಹಾಗೇ ಆಡುತ್ತದೆ.

ಏನೂ ಕೆಡದೆಯೂ ಕ್ರೂಸ್ ಸೆಟ್ ಆಗದಿರಬಹುದು. ಘಾಟಿಯಲ್ಲಿ ಓಡಿಸಿ ರೂಢಿಯಾದ ನಮ್ಮ ಕಡೆಯವರಲ್ಲಿ ಕೆಲವರು ಸುಮ್ನೆ ಕ್ಲಚ್ ಮೇಲೆ ಕಾಲಿಟ್ಟೇ ಹೋಗುತ್ತಾರೆ. ಒಬ್ಬರ ಜೊತೆ ಭದ್ರಾವತಿ ರಸ್ತೆಯಲ್ಲಿ ಹೋಗಿ, "ಸಾರ್, ಎಡಗಾಲು ಪಕ್ಕಕ್ಕಿಡಿ" ಅಂದೆ. ಸೆಟ್ ಆಯ್ತು. ಬಿಲ್ ಮಾಡೋಕೆ ಏನೂ ಇರಲಿಲ್ಲ.

ತೋಟದವರು ಹೊರಡುವಾಗ, ಆಗುಂಬೆ ಘಾಟಿ ಇಳಿಯುವಾಗ ಇದನ್ನು ಹಾಕಬಹುದಾ ಅಂತ ಕೇಳಿದರು. ಖಂಡಿತ ಬೇಡ ಅಂದೆ. ಅವರದ್ದು ಮುಂದಿನ ಗಾಡಿ ನೋಡುವ ರಾಡಾರ್ ಇಲ್ಲದ ಮಾಮೂಲಿ ಕ್ರೂಸ್. ಇಳಿಜಾರಿನಲ್ಲಿ ಅದು ಇಂಧನ ಕಡಿಮೆ ಮಾಡಬಲ್ಲದು, ಬ್ರೇಕ್ ಹಾಕಲ್ಲ. ಮಳೆಯಲ್ಲಿ ಚಕ್ರ ಜಾರಿದರೂ ವೇಗ ಉಳಿಸಿಕೊಳ್ಳಲು ಎಳೆಯುತ್ತಲೇ ಇರಬಹುದು. ಘಾಟಿಗೆ ಎರಡನೇ ಗೇರೇ ಸರಿ, ಬೆಂಗಳೂರಿಗೆ ಹೋಗುವಾಗ ಒಣ ಹೈವೇಯಲ್ಲಿ ಕ್ರೂಸ್ ಹಾಕಿಕೊಳ್ಳಿ ಅಂತ ಹೇಳಿ ಕಳಿಸಿದೆ.