ಮಂತ್ರ ಗೊತ್ತಿದ್ದವನಿಗೆ ಆಳು ಯಾಕೆ?

ಮೂರು ತಿಂಗಳಿಂದ ನನ್ನ ಮಾಂತ್ರಿಕರ ಕಾದಂಬರಿಯ ಎರಡನೇ ಭಾಗದಲ್ಲಿ, ಐದನೇ ಅಧ್ಯಾಯದಲ್ಲೇ ಗೂಟ ಹೊಡೆದುಕೊಂಡು ಕೂತಿದ್ದೆ. ಮೊನ್ನೆ ರಾತ್ರಿ ಗೂಟ ಕಿತ್ತು ಬಂತು.

ಭಾಗ ಒಂದರ ಕತೆ ಇಷ್ಟು. ಮಂತ್ರ ಬಲ್ಲ ಒಡೆಯರು, ಅವರ ಕೋಟೆಯಲ್ಲಿ ಬಿಟ್ಟಿ ದುಡಿಯುವ ಊರಿನವರು, ಕೊನೆಗೆ ಓಡಿಹೋಗುವ ಚೆನ್ನಿ. ಭಾಗ ಎರಡು ಶುರು ಮಾಡಿದಾಗ ಅಕ್ಕನ ಮಗ ಒಂದೇ ಮಾತು ಕೇಳಿದ. "ಮಾವ, ಬೆರಳು ಆಡಿಸಿದ್ರೆ ಬಂಡೆ ಏಳುತ್ತೆ ಅಂದ್ಮೇಲೆ ಅವ್ರಿಗೆ ಆಳು ಯಾಕೆ ಬೇಕು?" ಹದಿಮೂರು ವರ್ಷ ಅವನಿಗೆ. ಕಾದಂಬರಿಯ ಪಾಯ ಅಲ್ಲಾಡಿಸಿ, ಚಕ್ಕುಲಿ ಕಡಿಯುತ್ತಾ ಎದ್ದು ಹೋದ.

ತೇಪೆ ಹಾಕಿ ನೋಡಿದೆ. ಮಂತ್ರ ಹಾಕಿದರೆ ಒಡೆಯನಿಗೆ ಸುಸ್ತಾಗುತ್ತದೆ ಎಂದು ಬರೆದೆ. ಹಾಗಾದರೆ ಕೊನೆಯ ಯುದ್ಧದಲ್ಲಿ ಎಲ್ಲರೂ ಚಾಪೆ ಹಾಸಿ ಮಲಗಬೇಕು! ಆಳುಗಳ ಆಯಸ್ಸು ಹೀರಿಯೇ ಮಂತ್ರ ನಡೆಯುತ್ತದೆ ಎಂದೆ. ಅದು ಸವೆದ ಚಪ್ಪಲಿ. ಸುಮ್ನೆ ಗತ್ತಿಗೆ ಎಂದೆ. ಗತ್ತಿಗೆ ಹತ್ತು ಜನ ಸಾಕು, ಇಡೀ ಊರು ಬೇಡ.

ದಾರಿ ಸಿಕ್ಕಿದ್ದು ಪೊಟೊಸಿಯ ಬಗ್ಗೆ ಓದುವಾಗ. ಈಗಿನ ಬೊಲಿವಿಯಾದ ಬೆಳ್ಳಿ ಬೆಟ್ಟ ಅದು. 1570ರ ದಶಕದಲ್ಲಿ ಸ್ಪೇನಿನ ವೈಸ್‌ರಾಯ್ ಟೊಲೆಡೊ ಅಲ್ಲಿ 'ಮಿತಾ' ಎಂಬ ಬಲವಂತದ ದುಡಿಮೆಯ ಪದ್ಧತಿ ಜಾರಿ ಮಾಡಿದ. ಹೆಸರು ಸ್ಪೇನಿನವರಿಗೂ ಮೊದಲು ಅಲ್ಲಿ ಆಳಿದ ಇಂಕಾಗಳದ್ದೇ, ಬರೆ ಮಾತ್ರ ಹೊಸದು. ಸುತ್ತಲಿನ ಪ್ರಾಂತ್ಯಗಳ ಮೂಲನಿವಾಸಿ ಗಂಡಸರಲ್ಲಿ ಏಳಕ್ಕೆ ಒಬ್ಬರು ಸರದಿಯಂತೆ ಗಣಿಗೆ ಬರಬೇಕು. ಜನ ಊರು ಬಿಟ್ಟು ಓಡತೊಡಗಿದರು. ಆಳು ಕಳಿಸಲಾಗದ ಊರು ಬದಲಿಗೆ ಬೆಳ್ಳಿ ಕಟ್ಟಬೇಕಾಯಿತು. ಎಷ್ಟೋ ಗಣಿ ಮಾಲೀಕರು ಆ ಹಣದಲ್ಲಿ ಬದಲಿ ಕೂಲಿಯವರನ್ನೂ ಇಡದೆ ಜೇಬಿಗೆ ಇಳಿಸಿದರು. ಇಂಥ ಬಾರದ ಆಳುಗಳಿಗೆ ಅಡ್ಡಹೆಸರೇ ಇತ್ತು, 'ಜೇಬಿನ ಇಂಡಿಯನ್ನರು' ಅಂತ (ಅಲ್ಲಿನ ಮೂಲನಿವಾಸಿಗಳನ್ನು ಸ್ಪೇನಿನವರು ಕರೆಯುತ್ತಿದ್ದದ್ದೇ ಇಂಡಿಯನ್ನರು ಎಂದು). ಆಳು ಬರದಿದ್ದರೇ ಲಾಭ!

ಪುಸ್ತಕ ಮುಚ್ಚಿ ಅಡುಗೆಮನೆಗೆ ಹೋಗಿ ಒಬ್ಬನೇ ನಕ್ಕೆ. ನನ್ನ ಒಡೆಯನಿಗೂ ಬಂಡೆ ಹೊರುವವರು ಬೇಡ. ಬಾರದವರ ಲೆಕ್ಕ ಬೇಕು. ನಾವು ಈಗ 'ಬಿಟ್ಟಿ' ಎಂದರೆ ಪುಕ್ಕಟೆ ಎನ್ನುತ್ತೇವೆ. ಹಳೆಯ ಶಾಸನಗಳಲ್ಲಿ ಬಿಟ್ಟಿ ಎಂದರೆ ಕೂಲಿಯಿಲ್ಲದ ಬಲವಂತದ ದುಡಿಮೆ. ಯಾರಿಗೆ ಪುಕ್ಕಟೆ ಎನ್ನುವುದು ಪದದೊಳಗೇ ಕೂತಿದೆ, ಅಲ್ವಾ? ಈ ಸಾಲನ್ನು ಚೆನ್ನಿಯ ಅಜ್ಜಿಗೆ ಕೊಡುತ್ತೇನೆ.

ನಡುವೆ ಪ್ರಿಂಟ್ ಅಂಗಡಿಯ ಗೋಳು. ತಿದ್ದಲು ಕರಡು ಕೊಟ್ಟರೆ, ಯೂನಿಕೋಡನ್ನು ಅವರ ಹಳೇ ಫಾಂಟಿಗೆ ಬದಲಿಸುವಾಗ ಅರ್ಕಾವೊತ್ತೆಲ್ಲ ಉದುರಿಸಿದರು. 'ದರ್ಬಾರು' ಹೋಗಿ 'ದಬಾರು'. ಚೆನ್ನಿ ದಂಗೆ ಏಳುವ ಮೊದಲೇ ಮಾಂತ್ರಿಕರ ದರ್ಬಾರು ದಬಾರನೆ ಬಿದ್ದಿತ್ತು. ಕೇಳಿದರೆ "ಫೈಲೇ ಹಂಗಿತ್ತು ಸಾರ್" ಎಂದರು. 180 ಪುಟದ ದುಡ್ಡು ಹೋಯಿತು.

ಅಂದಹಾಗೆ, ಪೊಟೊಸಿಯಲ್ಲಿ ಅದಿರಿನಿಂದ ಬೆಳ್ಳಿ ಬಿಡಿಸಲು ಪಾದರಸ ಬಳಸುತ್ತಿದ್ದರು. ಅದು ಬರುತ್ತಿದ್ದದ್ದು ಪೆರುವಿನ ಉವಾಂಕಾವೆಲಿಕಾದಿಂದ. ಅಲ್ಲಿಗೂ ಮಿತಾ ಆಳುಗಳೇ. ನಮ್ಮ ಕಡೆಯ ರಸವಿದ್ಯೆಯವನೊಬ್ಬ, ಮಾತಾಡುವ ಪಾದರಸ, ಒಂದು ಬುಡ್ಡಿ... ಮುಂದಿನ ಕಿರುಕಾದಂಬರಿ ಇದೇ. ಎರಡು ಪುಟ ಆಗಲೇ ಬರೆದಿದ್ದೇನೆ. ಬೈಯಬೇಡಿ.

ಈಗ ಹೊಸ ತಲೆನೋವು. ಚೆನ್ನಿಯ ಊರಲ್ಲಿ 140 ಗಂಡಸರು. ಪೊಟೊಸಿಯ ಲೆಕ್ಕದಂತೆ ಏಳಕ್ಕೆ ಒಬ್ಬರೆಂದರೆ 20 ಆಳು. ಭಾಗ ಒಂದರಲ್ಲಿ 26 ಎಂದು ಬರೆದು ಅಚ್ಚೂ ಹಾಕಿಸಿಬಿಟ್ಟಿದ್ದೇನೆ. ತಿದ್ದುಪಡಿ ಚೀಟಿ ಅಂಟಿಸೋಣ ಎಂದುಕೊಂಡಿದ್ದೆ. ಬೆಳಿಗ್ಗೆ ಹಲ್ಲುಜ್ಜುವಾಗ ಹೊಳೆಯಿತು: ಆ ಆರು ಜನ ಸತ್ತವರು. ಶಾನುಭೋಗ ಹೆಸರು ಹೊಡೆದು ಹಾಕಿಲ್ಲ. ಅವರಲ್ಲಿ ಒಬ್ಬ ಚೆನ್ನಿಯ ಅಪ್ಪ.