ಬಾಣೆಯೊಳಗಿನ ಗುಂಡಿ ಮತ್ತು ಬಾರದ ಜೆಸಿಬಿ

ಹೋದ ವರ್ಷ ಮೇ ಕೊನೆಯಲ್ಲಿ ಜೆಸಿಬಿಯವನಿಗೆ ಫೋನ್ ಮಾಡಿ ಬರಲು ಹೇಳಿದ್ದೆ. ನಮ್ಮ ಬಾಣೆಯಲ್ಲಿ, ಅಂದರೆ ಗದ್ದೆಗೆ ಸೇರಿದ ಗುಡ್ಡದ ಜಾಗದಲ್ಲಿ, ಕಾಫಿ ಮುಗಿದು ಕಾಡುಮರಗಳೇ ಜಾಸ್ತಿ ಇರುವ ಕಡೆ ಒಂದು ಗುಂಡಿ ಇದೆ. ಕೆರೆ ಅನ್ನುವಷ್ಟು ದೊಡ್ಡದಲ್ಲ. ಉದ್ದ ಹದಿನಾಲ್ಕು ಹೆಜ್ಜೆ, ಅಗಲ ಒಂಬತ್ತು. ಬೇಸಿಗೆಯಲ್ಲಿ ಒಣಗಿ ಹೋಗುತ್ತದೆ. ಅದನ್ನು ಆಳ ಮಾಡಿಸಿಟ್ಟರೆ, ಕಾಫಿ ಹೂ ಬಿಡಲು ಬೇಕಾದ ಬೇಸಿಗೆಯ ಹೂ ಮಳೆ ಕೈಕೊಟ್ಟ ವರ್ಷ ಸ್ಪ್ರಿಂಕ್ಲರ್‌ಗೆ ನೀರಾಗುತ್ತದೆ ಅನ್ನುವುದು ನನ್ನ ಲೆಕ್ಕ. ಅವನು ಹೇಳಿದ ದಿನ ಬರಲಿಲ್ಲ, ಮಾರನೇ ದಿನವೂ ಬರಲಿಲ್ಲ, ಅಷ್ಟರಲ್ಲಿ ಮಳೆ ಹಿಡಿಯಿತು. ಕೆಸರಿನಲ್ಲಿ ಯಂತ್ರ ಇಳಿಸುವ ಹಾಗಿಲ್ಲ. ಕೆಲಸ ಮುಂದಿನ ಬೇಸಿಗೆಗೆ ಹೋಯಿತು.

ಸರಿ, ಎಷ್ಟು ನೀರು ನಿಲ್ಲುತ್ತದೆ ಅಂತ ನೋಡಿಯಾದರೂ ಇಡೋಣ ಅಂತ ಒಂದು ಕೋಲಿಗೆ ಇಂಚಿನ ಗೆರೆ ಹಾಕಿ ನಡುವೆ ನೆಟ್ಟೆ. ಕೊಡಗಿನಲ್ಲಿ ತೋಟ ಇರುವವರ ಮನೆಯಲ್ಲಿ ಮಳೆ ಪುಸ್ತಕ ಇಲ್ಲದಿರುವುದು ಅಪರೂಪ ಅಲ್ವಾ, ಇವತ್ತು ಎರಡು ಇಂಚು ಮೂವತ್ತು ಸೆಂಟ್ (ಇಂಚಿನ ನೂರರಲ್ಲೊಂದು ಪಾಲು ಒಂದು ಸೆಂಟ್) ಅಂತ ಬರೆಯುವುದು ಹಲ್ಲುಜ್ಜಿದಷ್ಟೇ ಸಹಜ. ಅದೇ ಪುಸ್ತಕದ ಹಿಂದಿನ ಹಾಳೆಯಲ್ಲಿ ಗುಂಡಿಯ ಲೆಕ್ಕ ಶುರುವಾಯಿತು. ಪ್ರತಿ ಭಾನುವಾರ ಬೆಳಿಗ್ಗೆ, ರಕ್ತ ಹೀರುವ ಇಂಬಳಕ್ಕೆ ಕಾಲಿಗೆ ಉಪ್ಪು-ಸುಣ್ಣ ಸವರಿಕೊಂಡು.

ಮೊದಲ ಎರಡು ವಾರ ಏನೂ ಇಲ್ಲ. ಡಿಕಾಕ್ಷನ್ ಬಣ್ಣದ ನೀರು, ಕೊಳೆತ ಎಲೆ, ಸೊಳ್ಳೆ ಮರಿ. ಮೂರನೇ ವಾರ ದಂಡೆಯ ಗಿಡದ ಎಲೆಗಳ ನಡುವೆ ನೊರೆ ಮುದ್ದೆ ಕಂಡಿತು. ನೀರಿನಿಂದ ಮೂರಡಿ ಮೇಲೆ, ಮುಷ್ಟಿ ಗಾತ್ರ. ನಮ್ಮ ಕೆಲಸದವಳು "ಯಾರೋ ಸೋಪು ಎಸೆದಿದ್ದಾರೆ" ಅಂದಳು. ಅದು ಹಾರುವ ಕಪ್ಪೆಯ ಗೂಡು. ಹಸಿರು ಮೈ, ಬೆರಳುಗಳ ನಡುವೆ ಕಿತ್ತಳೆ ಕೆಂಪಿನ ಪೊರೆ ಇರುತ್ತದಲ್ಲ, ಅದೇ. ಹೆಣ್ಣು ಹಿಂಗಾಲಿನಲ್ಲಿ, ನಾವು ಆಮ್ಲೆಟ್‌ಗೆ ಕಡೆದ ಹಾಗೆ ಕಡೆದು ನೊರೆ ಎಬ್ಬಿಸಿ, ಅದರೊಳಗೆ ಮೊಟ್ಟೆ ಇಡುತ್ತದೆ. ಹೊರಗಿನ ನೊರೆ ಗಟ್ಟಿಯಾಗಿ ಹಪ್ಪಳದಂತೆ ಆಗುತ್ತದೆ, ಒಳಗೆ ಒದ್ದೆ. ಮುಂದಿನ ಭಾನುವಾರ ಹೋದಾಗ ಮಳೆ ಜೋರಾಗಿತ್ತು. ಮುದ್ದೆಯ ಕೆಳಭಾಗ ಕರಗಿ ಲೋಳೆಯಾಗಿ ತೊಟ್ಟಿಕ್ಕುತ್ತಿತ್ತು, ಒಂದೊಂದು ತೊಟ್ಟಿನಲ್ಲಿ ಒಂದೊಂದು ಗೊದಮೊಟ್ಟೆ. ಟಪ್ ಅಂತ ನೀರಿಗೆ ಬಿದ್ದು, ಒಂದು ಕ್ಷಣ ಸುಮ್ನೆ ಇದ್ದು, ಬಾಲ ಆಡಿಸಿ ಎಲೆಯಡಿ ಮಾಯ. ಛತ್ರಿ ಹಿಡಿದು ಒಂದು ಗಂಟೆ ನಿಂತಿದ್ದೆ. ಮನೆಯಲ್ಲಿ ತಿಂಡಿ ಆರಿ ಹೋಗಿತ್ತು, ಬೈಗುಳ ಬಿಸಿಯಾಗಿತ್ತು.

ಕಕ್ಕಡದಲ್ಲಿ, ಅಂದರೆ ಜುಲೈ-ಆಗಸ್ಟ್‌ನ ಜಡಿಮಳೆಯ ತಿಂಗಳಲ್ಲಿ, ಒಂದು ಎಡವಟ್ಟು ಮಾಡಿದೆ. ಮನೆಯಲ್ಲೇ ಕೂತು ನೋಡೋಣ ಅಂತ ಹಾರ್ಲಿಕ್ಸ್ ಬಾಟಲಿಯಲ್ಲಿ ಹನ್ನೆರಡು ಗೊದಮೊಟ್ಟೆ ತಂದೆ. ಜೊತೆಗೆ ಕೆಸರು ಬಣ್ಣದ ಒಂದು ಚಪ್ಪಟೆ ಹುಳವೂ ಬಂದಿತ್ತು, ತೆಗೆಯಲಿಲ್ಲ. ಸಂಜೆಗೆ ಏಳು ಉಳಿದಿದ್ದವು. ರಾತ್ರಿ ಟಾರ್ಚ್ ಹಾಕಿ ಕಾದೆ. ಹುಳ ಅಲ್ಲಾಡದೆ ಕೂತಿತ್ತು. ಒಂದು ಗೊದಮೊಟ್ಟೆ ಎದುರಿಗೆ ಬಂದದ್ದೇ ತಡ, ಗಲ್ಲದ ಕೆಳಗೆ ಮಡಚಿಟ್ಟಿದ್ದ ತುಟಿ ಕೈಯಂತೆ ಚಾಚಿ, ಹಿಡಿದು, ಬಾಯಿಗೆ ಎಳೆದುಕೊಂಡಿತು. ಕಣ್ಣು ಮಿಟುಕಿಸಿದ್ದರೆ ತಪ್ಪಿಹೋಗುತ್ತಿತ್ತು. ಏರೋಪ್ಲೇನ್ ಚಿಟ್ಟೆಯ ಮರಿ ಅದು. ಚಿಕ್ಕಂದಿನಲ್ಲಿ ಬಾಲಕ್ಕೆ ದಾರ ಕಟ್ಟಿ ಹಾರಿಸಿದ್ದೆವಲ್ಲ, ಅದರ ಬಾಲ್ಯ ಹೀಗೆ ಅಂತ ನನಗೆ ಗೊತ್ತಿರಲಿಲ್ಲ. ಉಳಿದವನ್ನೆಲ್ಲ ಮಳೆಯಲ್ಲೇ ಹೋಗಿ ವಾಪಸ್ ಬಿಟ್ಟು ಬಂದೆ.

ಸೆಪ್ಟೆಂಬರ್‌ನ ಕೈಲ್ ಪೊಳ್ದ್ ಹಬ್ಬ ಕಳೆದ ಮೇಲೆ ದಂಡೆಯ ಹುಲ್ಲಿನ ಕಡ್ಡಿಗಳ ಮೇಲೆ ಅವುಗಳ ಖಾಲಿ ಅಂಗಿಗಳು ಸಿಗತೊಡಗಿದವು. ಬೆನ್ನು ಸೀಳಿದ ಚಿಪ್ಪು, ಒಳಗಿನಿಂದ ಬಿಳಿ ನೂಲಿನಂಥ ಎಳೆಗಳು ಇಣುಕುತ್ತಿರುತ್ತವೆ. ಅವು ಅದರ ಉಸಿರು ಕೊಳವೆಗಳ ಒಳಪದರ, ಪೊರೆಯ ಜೊತೆ ಕಳಚಿ ಬರುತ್ತವೆ. ಇವುಗಳಲ್ಲಿ ಹಳದಿ ಮೈಯ ಒಂದು ಜಾತಿ ಇದೆ, ಮಳೆಗಾಲ ಮುಗಿಯುವಾಗ ಗದ್ದೆಯ ಮೇಲೆ ಗುಂಪು ಗುಂಪಾಗಿ ಹಾರುವುದು. ನೀರಿನೊಳಗಿನ ಬಾಲ್ಯವನ್ನು ಅದು ಆರೇಳು ವಾರದಲ್ಲೇ ಮುಗಿಸಬಲ್ಲದು, ಬತ್ತುವ ಗುಂಡಿಯಲ್ಲಿ ಹುಟ್ಟಿದ ಮೇಲೆ ಬೇರೆ ದಾರಿಯೂ ಇಲ್ಲ. ಆಮೇಲೆ ಎಲ್ಲಿಗೆ ಹೋಗುತ್ತದೆ? ಮಾಲ್ಡೀವ್ಸ್‌ನಲ್ಲಿದ್ದ ಚಾರ್ಲ್ಸ್ ಆಂಡರ್ಸನ್ ಎಂಬ ವಿಜ್ಞಾನಿ, ಪ್ರತಿ ಅಕ್ಟೋಬರ್ ಹೊತ್ತಿಗೆ ಇವು ಲಕ್ಷಗಟ್ಟಲೆ ಅಲ್ಲಿ ಇಳಿಯುವುದನ್ನು ಗಮನಿಸಿ, ಭಾರತದಿಂದ ಸಮುದ್ರ ದಾಟಿ ಪೂರ್ವ ಆಫ್ರಿಕಾಕ್ಕೆ ಹೋಗುತ್ತಿವೆ ಎಂದು 2009ರಲ್ಲಿ ಬರೆದರು. ನಮ್ಮ ಗುಂಡಿಯವೂ ಆ ಗುಂಪಿನಲ್ಲಿ ಇದ್ದವೋ ಏನೋ. ನನಗೋ ಮಡಿಕೇರಿಗೆ ಹೋಗಿ ಬರುವುದೇ ಒಂದು ದಿನದ ಕೆಲಸ.

ಸುಗ್ಗಿ ಹಬ್ಬ ಹುತ್ತರಿ ಆಯಿತು, ಕಾಫಿ ಕುಯ್ಲು ಬಂತು, ಡಿಸೆಂಬರ್ ಜನವರಿಯ ಹಾಳೆಗಳು ಬಹುಪಾಲು ಖಾಲಿ. ಒಂದು ರಾತ್ರಿ ಆನೆ ಬಂದು ನನ್ನ ಕೋಲು ಮುರಿದು ಹೋಗಿತ್ತು. ಅದರ ಒಂದೊಂದು ಹೆಜ್ಜೆ ಗುರುತಿನಲ್ಲೂ ಒಂದೊಂದು ಬಟ್ಟಲು ನೀರು.

ಮಾರ್ಚ್ ಎರಡನೇ ವಾರ ನೆಲ ಬಿರುಕು ಬಿಟ್ಟಿತು. ಸುಮ್ನೆ ಕುತೂಹಲಕ್ಕೆ ಒಂದು ಹಿಡಿ ಒಣ ಮಣ್ಣು ತಂದು ಗಾಜಿನ ಲೋಟದಲ್ಲಿ ಹಾಕಿ ನೀರು ಸುರಿದು ಕಿಟಕಿಯಲ್ಲಿಟ್ಟೆ. ಒಂದು ವಾರದ ಮೇಲೆ ಬೆಳಕಿಗೆ ಹಿಡಿದರೆ ರವೆಗಿಂತ ಸಣ್ಣ ಚುಕ್ಕಿಗಳು ಕುಪ್ಪಳಿಸುತ್ತಿದ್ದವು. ನೀರು ಚಿಗಟ ಅನ್ನುತ್ತಾರೆ. ಇವುಗಳ ಗಟ್ಟಿ ಮೊಟ್ಟೆಗಳು ಒಣ ಮಣ್ಣಿನಲ್ಲಿ ತಿಂಗಳುಗಟ್ಟಲೆ ಕಾಯಬಲ್ಲವು.

ಮನೆ ಹತ್ತಿರದ ದೊಡ್ಡ ಕೆರೆಯಲ್ಲಿ ವರ್ಷವಿಡೀ ನೀರಿದೆ. ಅಲ್ಲಿ ಅಪ್ಪ ಎಂದೋ ಬಿಟ್ಟ ಜಿಲೇಬಿ ಮೀನು ತುಂಬಿವೆ. ಇಡೀ ವರ್ಷ ಹುಡುಕಿದರೂ ನನಗೆ ಅಲ್ಲಿ ಒಂದು ಗೊದಮೊಟ್ಟೆ ಕಾಣಲಿಲ್ಲ. ಗುಂಡಿ ಬತ್ತುತ್ತದೆ, ಅದಕ್ಕೇ ಅಲ್ಲಿ ಮೀನಿಲ್ಲ, ಮೀನಿಲ್ಲದ್ದಕ್ಕೇ ಕಪ್ಪೆ ಇದೆ. ನಾನು ಅದಕ್ಕೆ ವರ್ಷಪೂರ್ತಿ ನೀರು ಕೊಡಿಸಲು ಹೊರಟಿದ್ದೆ, ಉಪಕಾರ ಅಂತ ಬೇರೆ.

ಏಪ್ರಿಲ್‌ನಲ್ಲಿ ಜೆಸಿಬಿಯವನೇ ಫೋನ್ ಮಾಡಿದ, "ಅಣ್ಣಾ, ಈ ಸಲ ಖಂಡಿತ ಬರ್ತೀನಿ." ಮನೆ ಕೆರೆಯ ಹೂಳು ತೆಗೆಯಲು ಬಾ ಅಂದೆ. ಆಶ್ಚರ್ಯ ಅಂದರೆ ಬಂದ. ಜಿಲೇಬಿಗಳನ್ನೆಲ್ಲ ಹಿಡಿದು ಹುರಿದು ತಿಂದೆವು.

ನಿನ್ನೆ ಸಂಜೆ ಒಂದು ಇಂಚು ಎಂಬತ್ತು ಸೆಂಟ್ ಮಳೆ. ಎಂಟು ಗಂಟೆಗೆ ಟಾರ್ಚ್ ಹಿಡಿದು ಹೋದೆ. ಹೊಸ ಕೋಲಿನಲ್ಲಿ ನೀರು ಎರಡು ಇಂಚೂ ಇರಲಿಲ್ಲ, ಆಗಲೇ ಮರದ ಮೇಲಿನಿಂದ ಟಕ್ ಟಕ್ ಅಂತ ಒಂದು ಗಂಡು ಕರೆಯುತ್ತಿತ್ತು.