ಸೊಪ್ಪಿನಬೆಟ್ಟದ ಪ್ರಶ್ನೆಗಳು ಮತ್ತು ಒಂಬತ್ತನೆಯ ತರಗತಿ

ಪರಿಸರದ ಮೇಲೊಂದು ಯೋಜನಾ ಕಾರ್ಯ ಮಾಡಿಕೊಂಡು ಬನ್ನಿ ಎಂದರೆ ಮಕ್ಕಳು ಏನು ತರುತ್ತಾರೆ ಎಂಬುದು ಮಲೆನಾಡಿನಲ್ಲಿ ಪಾಠ ಮಾಡುವವರಿಗೆಲ್ಲ ಗೊತ್ತು. ಪೇಟೆಯ ಅಂಗಡಿಯಲ್ಲಿ ಕೊಂಡ ಚಿತ್ರಪಟದಿಂದ ಕತ್ತರಿಸಿದ ಹೊಗೆಕೊಳವೆ, ಅದರ ಪಕ್ಕದಲ್ಲಿ ಕರಗುವ ಮಂಜುಗಡ್ಡೆಯ ಮೇಲೆ ನಿಂತ ಹಿಮಕರಡಿ, ಕೆಳಗೆ ಬಣ್ಣದ ಪೆನ್ಸಿಲ್ಲಿನಲ್ಲಿ ‘ಕಾಡು ಬೆಳೆಸಿ, ನಾಡು ಉಳಿಸಿ’ ಎಂಬ ಘೋಷಣೆ, ಕೊನೆಯ ಪುಟದಲ್ಲಿ ‘ಅಭಿವೃದ್ಧಿ ಮತ್ತು ಪರಿಸರದ ನಡುವೆ ಸಮತೋಲನ ಕಾಯ್ದುಕೊಳ್ಳಬೇಕು’ ಎಂಬ ಉಪಸಂಹಾರ. ರೂಪಣಾತ್ಮಕ ಮೌಲ್ಯಮಾಪನದ ಅಂಕ ಬಿದ್ದ ಮೇಲೆ ಆ ಪುಸ್ತಕ ಶಾಲೆಯ ಕಪಾಟು ಸೇರುತ್ತದೆ. ಅದನ್ನು ಬರೆದ ಹುಡುಗಿಯ ಮನೆಯ ಮುಂದೆ ಅಡಿಕೆ ತೋಟವಿದೆ, ಹಿಂದೆ ಸೊಪ್ಪಿನಬೆಟ್ಟವಿದೆ, ಬಚ್ಚಲಲ್ಲಿ ಹಂಡೆಯ ಒಲೆ ದಿನಕ್ಕೆ ಎರಡು ಸಲ ಉರಿಯುತ್ತದೆ. ಇವು ಯಾವುವೂ ಪುಸ್ತಕದೊಳಗೆ ಬಂದಿರುವುದಿಲ್ಲ.

ಪರಿಸರ ಶಿಕ್ಷಣ ಶಾಲೆಗಳಲ್ಲಿ ಕಡ್ಡಾಯವಾಗಬೇಕೆಂದು ಸುಪ್ರೀಂ ಕೋರ್ಟ್ 1991ರಲ್ಲಿಯೇ ಹೇಳಿದೆ. 1993ರಿಂದ ನಡೆದುಬಂದಿರುವ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶವು ಹತ್ತರಿಂದ ಹದಿನೇಳು ವರ್ಷದ ಮಕ್ಕಳು ತಮ್ಮ ಸುತ್ತಮುತ್ತಲಿನ ಸಮಸ್ಯೆಯನ್ನೇ ಆರಿಸಿಕೊಂಡು ಅಧ್ಯಯನ ಮಾಡಬೇಕೆಂದು ಬಯಸುತ್ತದೆ. ಹಾಗಾಗಿ ನಿಯಮದ ಕೊರತೆಯಾಗಲೀ ಅವಕಾಶದ ಕೊರತೆಯಾಗಲೀ ನಮಗಿಲ್ಲ. ಕೊರತೆ ಇರುವುದು ಪ್ರಶ್ನೆಯಲ್ಲಿ ಎಂಬುದು ನನ್ನ ಅಭಿಪ್ರಾಯ. ಮಗುವಿನ ಮನೆಯ ಅನ್ನ ಆ ‘ಸಮತೋಲನ’ದ ತಕ್ಕಡಿಯ ಒಂದು ತಟ್ಟೆಯಲ್ಲಿ ಇಲ್ಲದೆ ಹೋದರೆ ಅಲ್ಲಿ ತೂಗುವುದಕ್ಕೆ ಏನೂ ಇರುವುದಿಲ್ಲ. ಉತ್ತರ ಮೇಷ್ಟರಿಗೆ ಮೊದಲೇ ಗೊತ್ತಿದ್ದರೆ ಅದು ತನಿಖೆಯೂ ಅಲ್ಲ. ಈ ಎರಡು ಷರತ್ತುಗಳನ್ನಿಟ್ಟುಕೊಂಡು ಒಂಬತ್ತನೆಯ ತರಗತಿಯವರೊಂದಿಗೆ ಮಾಡುತ್ತ ಬಂದಿರುವ ಕೆಲಸದ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ ಸೊಪ್ಪಿನಬೆಟ್ಟ. ಬಯಲುಸೀಮೆಯ ಓದುಗರಿಗಾಗಿ ಹೇಳುವುದಾದರೆ, ಅಡಿಕೆ ತೋಟಕ್ಕೆ ಬೇಕಾದ ಹಸಿಸೊಪ್ಪು, ದರಗು (ಉದುರಿದ ಒಣ ಎಲೆ), ಕಟ್ಟಿಗೆಗಳನ್ನು ತರಲು ತೋಟಗಾರರಿಗೆ ಬಿಟ್ಟುಕೊಟ್ಟಿರುವ ಕಾಡಿನ ಭಾಗವಿದು. ಸೊಪ್ಪು ಕಡಿಯುವ ಹಕ್ಕು ಮನೆಯವರದು, ನೆಲದ ಒಡೆತನ ಸರ್ಕಾರದ್ದು. ಸೊಪ್ಪು ಕೊಟ್ಟಿಗೆಗೆ ಹಾಸಾಗಿ, ದನಗಳ ಕಾಲಡಿ ಗೊಬ್ಬರವಾಗಿ, ಗುಂಡಿಯಿಂದ ತೋಟಕ್ಕೆ ಹೋಗುತ್ತದೆ. ತಲೆಮಾರುಗಳಿಂದ ನಡೆದಿರುವ ಈ ವ್ಯವಸ್ಥೆಯ ಬಗ್ಗೆ ಎರಡು ಸಿದ್ಧ ಉತ್ತರಗಳಿವೆ. ಸೊಪ್ಪು ಕಡಿದು ಕಡಿದು ಬೆಟ್ಟ ಬೋಳಾಯಿತು ಎಂಬುದು ಒಂದು. ರೈತರ ಕೈಯಲ್ಲಿದ್ದುದರಿಂದಲೇ ಬೆಟ್ಟ ಉಳಿಯಿತು ಎಂಬುದು ಇನ್ನೊಂದು. ಅರಣ್ಯ ಇಲಾಖೆಯವರ ಭಾಷಣದಲ್ಲಿ ಮೊದಲನೆಯದನ್ನೂ ರೈತರ ಸಭೆಗಳಲ್ಲಿ ಎರಡನೆಯದನ್ನೂ ಮಕ್ಕಳು ಕೇಳಿರುತ್ತಾರೆ. ಯಾವುದು ನಿಜವೆಂದು ತರಗತಿಯಲ್ಲಿ ಮತಕ್ಕೆ ಹಾಕಿದರೆ ಅಪ್ಪಂದಿರ ಮಾತು ಗೆಲ್ಲುತ್ತದೆ. ಆದ್ದರಿಂದ ಚರ್ಚೆಯನ್ನು ಮುಂದಕ್ಕೆ ಹಾಕಿ, ಅಳೆಯಲು ಬರುವ ಪ್ರಶ್ನೆಗಳನ್ನು ಹುಡುಕಿದೆವು.

ಅಳತೆಗೆ ಬೇಕಾದ ಸಾಮಗ್ರಿ ಹಗ್ಗ, ದರ್ಜಿಯ ಟೇಪು, ತಕ್ಕಡಿ, ಗಡಿಯಾರ, ಎರಡೂ ಬದಿ ಕತ್ತರಿಸಿದ ತಗಡಿನ ಡಬ್ಬ, ಇಷ್ಟೇ. ಇಪ್ಪತ್ತು ಮೀಟರ್ ಚೌಕದಲ್ಲಿ ಹಗ್ಗ ಹಿಡಿದು ಅದರೊಳಗಿನ ಪ್ರತಿ ಮರದ ಸುತ್ತಳತೆಯನ್ನು ನೆಲದಿಂದ 1.37 ಮೀಟರ್ ಎತ್ತರದಲ್ಲಿ ಬರೆದುಕೊಳ್ಳುವುದು, ಅದೇ ಚೌಕದೊಳಗೆ ಒಂದು ಮೀಟರಿನ ಚಿಕ್ಕ ಚೌಕಗಳನ್ನು ಮಾಡಿ ಸಸಿಗಳನ್ನು ಎಣಿಸುವುದು. ಮರಗಳ ಹೆಸರಿನ ವಿಷಯದಲ್ಲಿ ಮೇಷ್ಟರ ವಿದ್ಯೆ ಬೇಗ ಮುಗಿಯುತ್ತದೆ. ಮತ್ತಿ, ಹೊನ್ನೆ, ನಂದಿ, ಜಂಬೆ, ಕಿಂದಳಗಳನ್ನು ತೊಗಟೆ ನೋಡಿಯೇ ಗುರುತಿಸುವ ಮಕ್ಕಳು ಪ್ರತಿ ತರಗತಿಯಲ್ಲೂ ಇದ್ದಾರೆ, ಮತ್ತು ಅವರು ಸಾಮಾನ್ಯವಾಗಿ ಕೊನೆಯ ಬೆಂಚಿನವರು. ಸಸಿಗಳನ್ನು ಎಣಿಸುವುದು ಯಾಕೆಂಬುದನ್ನು ಮೊದಲು ಯಾರೂ ಒಪ್ಪಲಿಲ್ಲ. ಬೆಟ್ಟದ ತುಂಬ ಮರಗಳಿರುವಾಗ ಬೆರಳುದ್ದದ ಗಿಡಗಳ ಲೆಕ್ಕವೇಕೆ ಎಂದರು. ಸುತ್ತಳತೆಗಳನ್ನು ಗಾತ್ರಕ್ಕೆ ತಕ್ಕಂತೆ ಗುಂಪು ಮಾಡಿ ನಕ್ಷೆ ಬರೆದಾಗ ಅದು ತಾನಾಗಿ ತಿಳಿಯಿತು. ದಪ್ಪ ಮರಗಳಿದ್ದು ಎಳೆಯ ಮರಗಳೂ ಸಸಿಗಳೂ ಇಲ್ಲದ ಬೆಟ್ಟ ಇವತ್ತು ಹಸಿರಾಗಿಯೇ ಕಾಣುತ್ತದೆ. ಇಂದಿನ ಮರಗಳು ಬಿದ್ದ ಮೇಲೆ ಅವುಗಳ ಜಾಗಕ್ಕೆ ಬರುವವು ಅಲ್ಲಿರುವುದಿಲ್ಲ.

ಡಬ್ಬದ ಪ್ರಯೋಗ ಮಕ್ಕಳಿಗೆ ಎಲ್ಲಕ್ಕಿಂತ ಹಿಡಿಸಿತು. ಡಬ್ಬವನ್ನು ನೆಲದೊಳಗೆ ಸ್ವಲ್ಪ ಇಳಿಸಿ, ಅಳತೆಯ ನೀರು ಸುರಿದು, ಅದು ಇಂಗಲು ಹಿಡಿಯುವ ಸಮಯವನ್ನು ಬರೆದುಕೊಳ್ಳುವುದು. ದರಗು ದಪ್ಪವಾಗಿ ಕೂತಿದ್ದ ಕಡೆ ನೀರು ಕಣ್ಣೆದುರೇ ಮಾಯವಾಗುತ್ತಿತ್ತು, ದನ ತುಳಿದ ದಾರಿಯಲ್ಲಿ ನಿಂತೇ ಇರುತ್ತಿತ್ತು. ಅಕೇಶಿಯಾ ನೆಡುತೋಪಿನಲ್ಲಿ ನೀರು ಇಂಗುವುದೇ ಇಲ್ಲವೆಂದು ಎಲ್ಲರೂ ಮೊದಲೇ ತೀರ್ಮಾನಿಸಿದ್ದರು. ಭದ್ರಾವತಿಯ ಕಾಗದ ಕಾರ್ಖಾನೆಗಾಗಿ 1980ರಲ್ಲಿ ನಲವತ್ತು ವರ್ಷಗಳ ಗುತ್ತಿಗೆಗೆ ಕೊಟ್ಟ ಕಾಡಿನಲ್ಲಿ ಎದ್ದ ಈ ತೋಪುಗಳ ವಿರುದ್ಧ ನಡೆದ ಚಳವಳಿಯ ಮಾತುಗಳು ಅವರ ಕಿವಿಯಲ್ಲಿದ್ದವು. ನಾವು ನೋಡಿದ ತೋಪಿನಲ್ಲಿ ನೀರು ಸಾಕಷ್ಟು ಬೇಗ ಇಂಗಿತು. ಆದರೆ ನೈಲಾನ್ ಬಲೆಯ ಚೀಲಗಳಲ್ಲಿ ತೂಗಿ ಹೂತಿಟ್ಟ ಎಲೆಗಳಲ್ಲಿ ಮತ್ತಿಯ ಎಲೆ ಪುಡಿಯಾಗತೊಡಗಿದಾಗಲೂ ಅಕೇಶಿಯಾದ ಎಲೆ ತೊಗಲಿನಂತೆ ಗಟ್ಟಿಯಾಗಿಯೇ ಉಳಿದಿತ್ತು. ಒಂದೇ ತೋಪಿನ ಬಗ್ಗೆ ಒಂದು ಅಳತೆ ಪರವಾಗಿಯೂ ಇನ್ನೊಂದು ವಿರೋಧವಾಗಿಯೂ ಬಂದದ್ದು ಮಕ್ಕಳಿಗೆ ಸರಿಬೀಳಲಿಲ್ಲ, ‘ಹಾಗಾದರೆ ಯಾವುದನ್ನು ಬರೆಯುವುದು ಸಾರ್?’ ಎಂದು ಕೇಳಿದರು. ಎರಡನ್ನೂ ಬರೆಯಿರಿ, ಒಂದೇ ಜಾಗದಲ್ಲಿ ಕಂಡದ್ದು ಎಂಬುದನ್ನೂ ಸೇರಿಸಿ ಬರೆಯಿರಿ ಎಂದೆ.

ಆದರೆ ನಿಜವಾಗಿ ದಾರಿ ತಿರುಗಿಸಿದ್ದು ಅಳತೆಯಲ್ಲ, ಮನೆಮನೆಯ ಮಾತುಕತೆ. ವರ್ಷಕ್ಕೆ ಎಷ್ಟು ಹೊರೆ ಸೊಪ್ಪು ತರುತ್ತೀರಿ ಎಂದು ಕೇಳಲು ಹೋದ ಮಕ್ಕಳಿಗೆ ಹಲವು ಮನೆಗಳಲ್ಲಿ ಸಿಕ್ಕಿದ ಉತ್ತರ ‘ಈಗ ತರುವುದೇ ಇಲ್ಲ’ ಎಂಬುದು. ಸೊಪ್ಪು ಹೊರುವ ಆಳು ಸಿಗುವುದಿಲ್ಲ, ಕೊಟ್ಟಿಗೆಯಲ್ಲಿ ದನ ಕಡಿಮೆಯಾಗಿದೆ, ಬಯಲುಸೀಮೆಯಿಂದ ಲಾರಿಯಲ್ಲಿ ಕುರಿಗೊಬ್ಬರವೋ ಕೋಳಿಗೊಬ್ಬರವೋ ಬರುತ್ತದೆ. ಹಾಗಾದರೆ ಬೆಟ್ಟ ಚೇತರಿಸಿಕೊಂಡಿರಬೇಕಲ್ಲವೇ? ಕೆಲವು ಬೆಟ್ಟಗಳಲ್ಲಿ ಹಾಗೆಯೇ ಆಗಿತ್ತು, ಸಸಿಗಳು ಒತ್ತಾಗಿ ಬಂದಿದ್ದವು. ಇನ್ನು ಕೆಲವು ಕಡೆ ಬೆಟ್ಟವೇ ಇರಲಿಲ್ಲ. ಅಲ್ಲಿ ಜೆಸಿಬಿ ಹೊಡೆದ ಮಟ್ಟಸವಾದ ನೆಲ ಮತ್ತು ಮೊಣಕಾಲೆತ್ತರದ ಅಡಿಕೆ ಸಸಿಗಳಿದ್ದವು. ತೋಟಕ್ಕೆ ಬೆಟ್ಟ ಬೇಕಾಗಿದ್ದಷ್ಟು ಕಾಲ ಅದನ್ನು ಕಾಯುವುದಕ್ಕೆ ಒಂದು ಕಾರಣವಿತ್ತು, ಸೊಪ್ಪು ಬೇಡವಾದ ಮೇಲೆ ಅದು ಬರೀ ಜಾಗವಾಯಿತು ಎಂಬ ಅರ್ಥದ ಮಾತನ್ನು ಒಬ್ಬ ವಿದ್ಯಾರ್ಥಿನಿ ತನ್ನ ವರದಿಯಲ್ಲಿ ಬರೆದಳು. ಬಳಕೆಯನ್ನು ಕಡಿಮೆ ಮಾಡಿದರೆ ಪರಿಸರ ಉಳಿಯುತ್ತದೆ ಎಂಬ ನಮ್ಮ ಪಠ್ಯಪುಸ್ತಕದ ಸಮೀಕರಣ ಇಲ್ಲಿ ನೇರವಾಗಿ ಕೂಡಿಬರುವುದಿಲ್ಲ. ಇದನ್ನು ನಾನು ನಿರೀಕ್ಷಿಸಿರಲಿಲ್ಲ. ನಿರೀಕ್ಷಿಸಿದ್ದರೆ ಪ್ರಶ್ನೆಯನ್ನು ಬೇರೆಯದಾಗಿಯೇ ಬರೆದುಕೊಟ್ಟು ಮಕ್ಕಳ ಕೆಲಸವನ್ನು ಸುಲಭವೂ ನೀರಸವೂ ಮಾಡಿಬಿಡುತ್ತಿದ್ದೆನೇನೋ.

ಇಲ್ಲಿಗೆ ಒಂದು ಸೂಕ್ಷ್ಮ ಎದುರಾಗುತ್ತದೆ, ಅದರ ಬಗ್ಗೆ ತರಬೇತಿಗಳಲ್ಲಿ ಯಾರೂ ಮಾತಾಡುವುದಿಲ್ಲ. ಒತ್ತುವರಿಯ ತೋಟ ಯಾರದೆಂಬುದು ಊರಿಗೆಲ್ಲ ಗೊತ್ತಿರುತ್ತದೆ, ಆ ಮನೆಯ ಮಗು ಅದೇ ತರಗತಿಯಲ್ಲಿ ಕೂತಿರುತ್ತದೆ. ನಮ್ಮ ಜಿಲ್ಲೆಯಲ್ಲಿ ‘ಒತ್ತುವರಿ’ ಎಂದು ಒಂದೇ ಉಸಿರಿನಲ್ಲಿ ಹೇಳುವುದರೊಳಗೆ ಬಹಳ ಕಥೆಗಳಿವೆ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಪೂರ್ಣಗೊಂಡು ಶರಾವತಿ ಕಣಿವೆಯ ಊರುಗಳು ಮುಳುಗಿದಾಗ ಗಂಟುಮೂಟೆ ಕಟ್ಟಿಕೊಂಡು ಕಾಡಿನ ನಡುವೆ ಬಂದಿಳಿದವರ ಮೊಮ್ಮಕ್ಕಳಲ್ಲಿ ಇಂದಿಗೂ ಹಕ್ಕುಪತ್ರಕ್ಕಾಗಿ ಓಡಾಡುವವರಿದ್ದಾರೆ. 2006ರ ಅರಣ್ಯ ಹಕ್ಕು ಕಾಯ್ದೆಯು ಬುಡಕಟ್ಟಿನವರಲ್ಲದ ಅರಣ್ಯವಾಸಿಗಳಿಂದ 2005ರ ಡಿಸೆಂಬರ್ 13ಕ್ಕೆ ಮೊದಲಿನ ಮೂರು ತಲೆಮಾರಿನ, ಎಂದರೆ 75 ವರ್ಷಗಳ ವಾಸದ ಪುರಾವೆಯನ್ನು ಕೇಳುತ್ತದೆ. ಸರ್ಕಾರವೇ ನೀರು ತುಂಬಿಸಿ ಎಬ್ಬಿಸಿ ಕಳಿಸಿದವರು ಹೊಸ ಜಾಗದಲ್ಲಿ ಅಷ್ಟು ವರ್ಷಗಳ ಪುರಾವೆಯನ್ನು ಎಲ್ಲಿಂದ ತರುತ್ತಾರೆ? ಕಳೆದ ಕೆಲವು ವರ್ಷಗಳಲ್ಲಿ ಬೆಟ್ಟ ಬಗೆದು ತೋಟ ಮಾಡಿದವರನ್ನೂ ಇವರನ್ನೂ ಒಂದೇ ಕೋಷ್ಟಕದಲ್ಲಿ ಕೂರಿಸುವುದು ತಪ್ಪು. ಹಾಗಾಗಿ ವರದಿಗಳಲ್ಲಿ ಸರ್ವೆ ನಂಬರು, ಮನೆಯ ಹೆಸರು, ಮಾಲೀಕರ ಹೆಸರು ಯಾವುದೂ ಇರಬಾರದು, ಚೌಕ ಹಾಕುವುದು ಕರೆದವರ ಬೆಟ್ಟದಲ್ಲಿ ಮಾತ್ರ ಎಂಬ ನಿಯಮವನ್ನು ಮಕ್ಕಳೇ ಕೂತು ಮಾಡಿಕೊಂಡರು. ಇದರಿಂದ ಅಂಕಿಅಂಶ ಅಪೂರ್ಣವಾಗುತ್ತದೆ ಎಂಬುದು ನಿಜ. ಹದಿನಾಲ್ಕು ವರ್ಷದ ಮಕ್ಕಳ ಪುಸ್ತಕ ಯಾರದೋ ಮನೆಯ ವಿರುದ್ಧ ಸಾಕ್ಷಿಯಾಗುವುದಕ್ಕಿಂತ ಅಪೂರ್ಣತೆ ಮೇಲು.

ಕಟ್ಟಿಗೆಯ ತನಿಖೆಯನ್ನು ಬೇರೊಂದು ಗುಂಪು ಮಾಡಿತು. ಬೆಳಿಗ್ಗೆ ಕಟ್ಟಿಗೆಯ ರಾಶಿಯನ್ನು ತೂಗಿಟ್ಟು, ರಾತ್ರಿ ಉಳಿದದ್ದನ್ನು ತೂಗಿ, ಯಾವ ಒಲೆಗೆ ಎಷ್ಟು ಹೋಯಿತೆಂದು ಬರೆಯುವುದು ಕ್ರಮ. ಗ್ಯಾಸ್ ಬಂದ ಮೇಲೆ ಕಟ್ಟಿಗೆ ಉಳಿದಿದೆ ಎಂಬುದು ಎಲ್ಲರ ನಂಬಿಕೆಯಾಗಿತ್ತು. ಅಡುಗೆಮನೆಯ ಮಟ್ಟಿಗೆ ಅದು ಸರಿಯೇ. ಆದರೆ ತೂಗಿ ನೋಡಿದ ಮನೆಗಳಲ್ಲಿ ದೊಡ್ಡ ಪಾಲು ನುಂಗುತ್ತಿದ್ದುದು ಬಚ್ಚಲ ಹಂಡೆ. ಮಳೆಗಾಲದಲ್ಲಿ ಒಲೆ ಬಟ್ಟೆ ಒಣಗಿಸುವುದಕ್ಕೂ ಬೇಕು, ಮೈ ಕಾಯಿಸಿಕೊಳ್ಳುವುದಕ್ಕೂ ಬೇಕು ಎಂಬುದನ್ನು ಬಯಲಿನ ಯೋಜನೆಗಳನ್ನು ಬರೆಯುವವರು ಲೆಕ್ಕಕ್ಕೆ ಹಿಡಿದಂತೆ ಕಾಣುವುದಿಲ್ಲ. ಹಂಡೆಗೆ ಅಡಿಕೆಯ ಸೋಗೆ, ಹಾಳೆ, ತೆಂಗಿನ ಗರಿಗಳೂ ಹೋಗುತ್ತವೆಯಾದ್ದರಿಂದ ಕಾಡಿನ ಕಟ್ಟಿಗೆ ಎಷ್ಟು, ತೋಟದ ಕಸ ಎಷ್ಟು ಎಂದು ಬೇರೆ ಮಾಡಿ ತೂಗಬೇಕಾಯಿತು. ಸೌದೆ ಉಳಿಸುವ ಒಲೆಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ, ಗ್ರಾಮೀಣ ತಂತ್ರಜ್ಞಾನದ ಅಸ್ತ್ರ ಕೇಂದ್ರದ ಹೆಸರಿನ ಒಲೆಯನ್ನು ಕರ್ನಾಟಕದ ಹಳ್ಳಿಗಳು ಬಹಳ ಹಿಂದೆಯೇ ಕಂಡಿವೆ.

ಅಡಿಕೆ ಬೇಯಿಸುವ ಒಲೆಯದು ಇನ್ನೊಂದು ಲೆಕ್ಕ. ಹಿಂದೆ ಮನೆಯಂಗಳದಲ್ಲಿ ಸುಲಿದು, ಚೊಗರಿನಲ್ಲಿ (ಅಡಿಕೆ ಬೇಯಿಸಿದಾಗ ಉಳಿಯುವ ಕೆಂಪು ರಸ) ಬೇಯಿಸಿ, ಅಟ್ಟದ ಮೇಲೆ ಒಣಗಿಸುತ್ತಿದ್ದ ಹಲವು ಮನೆಗಳವರು ಈಗ ಫಸಲನ್ನು ಚೇಣಿಗೆ, ಎಂದರೆ ಗುತ್ತಿಗೆಗೆ, ಕೊಡುತ್ತಾರೆ. ಆ ಮನೆಗಳಲ್ಲಿ ಕಟ್ಟಿಗೆಯ ಖರ್ಚು ಇಳಿದಿರುವುದನ್ನು ಮಕ್ಕಳು ಸಂತೋಷದಿಂದ ಬರೆದುಕೊಂಡು ಬಂದರು. ಚೇಣಿದಾರರ ಕಣದಲ್ಲಿ ಏನು ಉರಿಯುತ್ತದೆ ಎಂದು ಕೇಳಿದಾಗ ಲೆಕ್ಕ ಮತ್ತೆ ಬೆಳೆಯಿತು, ಮತ್ತು ಅಲ್ಲಿ ಸಿಪ್ಪೆಯ ಪ್ರಶ್ನೆಯೂ ಎದ್ದಿತು. ಮನೆಯಲ್ಲಿ ಸುಲಿದಾಗ ಸಿಪ್ಪೆ ತೋಟದ ಬುಡಕ್ಕೆ ಹೋಗುತ್ತಿತ್ತು. ಹತ್ತಾರು ತೋಟಗಳ ಅಡಿಕೆ ಒಂದೇ ಕಡೆ ಯಂತ್ರದಲ್ಲಿ ಸುಲಿದಾಗ ಅದೇ ಸಿಪ್ಪೆ ರಸ್ತೆಯ ಬದಿಯಲ್ಲಿ ರಾಶಿಯಾಗಿ, ಬೆಂಕಿ ಬಿದ್ದು, ದಿನಗಟ್ಟಲೆ ಹೊಗೆಯಾಡುತ್ತದೆ. ಶಿವಮೊಗ್ಗದ ಸುತ್ತ ಸುಗ್ಗಿಯ ಕಾಲದಲ್ಲಿ ಓಡಾಡಿದವರೆಲ್ಲ ಆ ಹೊಗೆಯನ್ನು ಕುಡಿದಿದ್ದಾರೆ. ಹರಡಿದ್ದಾಗ ಗೊಬ್ಬರವಾಗಿದ್ದುದು ಒಟ್ಟುಗೂಡಿದಾಗ ಕಸವಾಗುವುದನ್ನು ಇಷ್ಟು ಹತ್ತಿರದಿಂದ ತೋರಿಸುವ ಉದಾಹರಣೆ ಯಾವ ಪಠ್ಯದಲ್ಲೂ ಇಲ್ಲ.

ಕಾಲದ ವಿಷಯವನ್ನು ಹೇಳಲೇಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಇಂಬಳ (ಜಿಗಣೆ), ರಜೆಗಳ ನಡುವೆ ಬೆಟ್ಟ ಹತ್ತುವಂತಿಲ್ಲ. ಡಿಸೆಂಬರ್ ಬಂದರೆ ಮಂಗನ ಕಾಯಿಲೆ ಹರಡುವ ಉಣುಗಿನ (ಉಣ್ಣೆಯ) ಭಯ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಲ್ಪಟ್ಟ ಈ ಕಾಯಿಲೆ ಡಿಸೆಂಬರಿನಿಂದ ಮೇ ವರೆಗೆ ಕಾಣಿಸಿಕೊಳ್ಳುತ್ತದೆ, ಮತ್ತು ದರಗು ಗುಡಿಸಲು ಜನ ಕಾಡಿಗೆ ಹೋಗುವುದೂ ಆಗಲೇ. 2018–19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಆದ ಸಾವುಗಳನ್ನು ಕಂಡ ಮೇಲೆ ಆ ತಿಂಗಳುಗಳಲ್ಲಿ ಯಾವ ಯೋಜನೆಗಾಗಿಯೂ ಮಕ್ಕಳನ್ನು ಬೆಟ್ಟಕ್ಕೆ ಕರೆದೊಯ್ಯಬಾರದೆಂಬುದು ನನ್ನ ಖಚಿತ ನಿಲುವು. ಉಳಿಯುವುದು ದಸರೆಯ ಆಚೀಚಿನ ಕೆಲವು ವಾರಗಳು. ಆಗಲೇ ಅಡಿಕೆ ಕೊಯ್ಲು ಶುರುವಾಗಿ ಮಕ್ಕಳ ಕೈ ಮನೆಗೆ ಬೇಕಾಗಿರುತ್ತದೆ.

ಪಶ್ಚಿಮ ಘಟ್ಟದ ಸಂರಕ್ಷಣೆಯ ವರದಿಗಳನ್ನಾಗಲೀ, ನೀರನ್ನು ಮೇಲಿನ ಜಲಾಶಯಕ್ಕೆ ಎತ್ತಿಟ್ಟು ಬೇಕಾದಾಗ ಕೆಳಗಿಳಿಸಿ ವಿದ್ಯುತ್ತು ತೆಗೆಯುವ ಶರಾವತಿಯ ಪಂಪ್ಡ್ ಸ್ಟೋರೇಜ್ ಯೋಜನೆಯನ್ನಾಗಲೀ ತರಗತಿಗೆ ಏಕೆ ತರುವುದಿಲ್ಲ ಎಂದು ಸ್ನೇಹಿತರು ಕೇಳುತ್ತಾರೆ. ತರುತ್ತೇವೆ, ಆದರೆ ಬೆಟ್ಟದ ಕೆಲಸ ಮುಗಿದ ಮೇಲೆ. ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2000 ಮೆಗಾವಾಟ್ ಸಾಮರ್ಥ್ಯದ ಘಟಕವನ್ನು ಸಿಂಗಳೀಕಗಳ ಅಭಯಾರಣ್ಯದಲ್ಲಿ ಕಟ್ಟಬೇಕೇ ಬೇಡವೇ ಎಂಬುದನ್ನು ಮೊದಲೇ ಕೊಟ್ಟರೆ ಮಕ್ಕಳು ಎರಡು ಪಕ್ಷವಾಗಿ ಘೋಷಣೆ ಕೂಗುತ್ತಾರೆ. ಸಸಿ ಎಣಿಸಿ ಬಂದವರು ಬೇರೆ ರೀತಿ ಕೇಳುತ್ತಾರೆ: ಎಷ್ಟು ಮರ, ಯಾವ ಗಾತ್ರದವು, ಎಣಿಸಿದವರು ಯಾರು, ಎಲ್ಲಿ ನಿಂತು ಎಣಿಸಿದರು, ಆ ವಿದ್ಯುತ್ತು ಯಾರ ಮನೆಗೆ, ಯಾವ ಹೊತ್ತಿನಲ್ಲಿ ಹೋಗುತ್ತದೆ.

ಅಂಕ ಕೊಡುವಾಗ ‘ಸಮತೋಲನ’ ಎಂದು ಬರೆದು ಬಿಟ್ಟವರಿಗೆ ಆ ವಾಕ್ಯದ ಲೆಕ್ಕದಲ್ಲಿ ನಾನು ಏನೂ ಕೊಡುವುದಿಲ್ಲ. ಯಾರಿಗೆ ಎಷ್ಟು ಸಿಕ್ಕಿತು, ಯಾರು ಎಷ್ಟು ಬಿಟ್ಟುಕೊಟ್ಟರು, ಬಿಟ್ಟುಕೊಟ್ಟವರನ್ನು ಕೇಳಲಾಗಿತ್ತೇ ಎಂಬುದನ್ನು ಬರೆದವರಿಗೆ ಕೊಡುತ್ತೇನೆ. ಈ ವರ್ಷದ ಮಕ್ಕಳು ಚೊಗರನ್ನು ಆರಿಸಿಕೊಂಡಿದ್ದಾರೆ. ಬೇಯಿಸಿ ಉಳಿದ ಚೊಗರನ್ನು ಹಳ್ಳಕ್ಕೆ ಬಿಟ್ಟ ಕಡೆ ಮೇಲುಹರಿವಿನಲ್ಲೂ ಕೆಳಹರಿವಿನಲ್ಲೂ ಆಮ್ಲೀಯತೆ ನೋಡಬೇಕು, ಕಲ್ಲುಗಳ ಅಡಿ ಇರುವ ಹುಳುಗಳನ್ನು ಎಣಿಸಬೇಕು ಎಂಬುದು ಅವರ ಯೋಚನೆ. ಅದಕ್ಕೆ ಮೊದಲು ಒಬ್ಬ ಚೇಣಿದಾರರ ಒಪ್ಪಿಗೆ ಬೇಕು. ಒಪ್ಪಿಸುವ ಕೆಲಸವನ್ನು ಅವರ ಮಗನಿಗೇ ವಹಿಸಿದ್ದಾರೆ. ಅವನು ಇದೇ ತರಗತಿಯಲ್ಲಿದ್ದಾನೆ, ಮತ್ತು ಉಳಿದ ಚೊಗರನ್ನು ಬಣ್ಣಕ್ಕೆ ಮಾರಲು ಬರುತ್ತದೆಯೇ ಎಂಬುದನ್ನೂ ತನಿಖೆಗೆ ಸೇರಿಸಿಕೊಂಡರೆ ಮಾತ್ರ ಅಪ್ಪನ ಹತ್ತಿರ ಮಾತಾಡುತ್ತೇನೆ ಎಂದು ಷರತ್ತು ಹಾಕಿದ್ದಾನೆ.